ಹಿಡಿದವರ ಹೊಣೆ

ಕೈ ಬಿಡಬೇಕಾಗಿತ್ತು. ಮೆಟ್ಟಿಲು ತಪ್ಪಿ ಮುಗ್ಗರಿಸಿದ ಹೆಂಗಸು ಬೀಳಲಿಲ್ಲ, ಸಾವರಿಸಿಕೊಂಡು ನೆಟ್ಟಗೆ ನಿಂತಳು, ಜಾರಿದ ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. ಅಲ್ಲಿಗೆ ಮುಗಿಯಿತು. ಆದರೂ ಬಾಗಿಲಕ್ಕನ ಬಲಗೈ ಆಕೆಯ ಮೊಣಕೈ ಮೇಲೆಯೇ ಇತ್ತು. ಅಷ್ಟರಲ್ಲಿ ಗಾಜಿನ ಬಾಗಿಲು ತಳ್ಳಿಕೊಂಡು ಮ್ಯಾನೇಜರು ಏದುಸಿರು ಬಿಡುತ್ತ ಹೊರಗೆ ಬಂದ.

"ಶಭಾಷ್," ಎಂದ. "ಹಿಡಿದುಬಿಟ್ರಲ್ಲ. ಬಿಡಬೇಡಿ, ಒಳಗೆ ಕರಕೊಂಡು ಬನ್ನಿ."

ಮೂರು ಮಹಡಿಯ ಆ ಅಂಗಡಿಯಲ್ಲಿ ಸೂಜಿಯಿಂದ ಸೋಫಾದವರೆಗೆ ಎಲ್ಲವೂ ಸಿಗುತ್ತಿತ್ತು. ಸಿಗದೇ ಇದ್ದದ್ದು ಬಾಗಿಲು ಕಾಯುವವಳಿಗೆ ಕೂರಲು ಒಂದು ಸ್ಟೂಲು ಮಾತ್ರ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುವ ಈ ಸೆಕ್ಯುರಿಟಿ ಹೆಂಗಸನ್ನು ಅಂಗಡಿಯ ಹುಡುಗಿಯರು ಬಾಗಿಲಕ್ಕ ಎಂದು ಕರೆಯುತ್ತಿದ್ದರು. ನಿಜವಾದ ಹೆಸರು ಎದೆಯ ಮೇಲೆ ನೇತಾಡುವ ಲೈಸೆನ್ಸ್ ಕಾರ್ಡಿನಲ್ಲಿತ್ತು, ಅದನ್ನು ಯಾರೂ ಬಗ್ಗಿ ಓದುವ ಗೋಜಿಗೆ ಹೋಗುತ್ತಿರಲಿಲ್ಲ. ಕಾರ್ಡಿನ ಫೋಟೋದಲ್ಲಿ ಅವಳು ಆಗತಾನೇ ಸಿಕ್ಕಿಬಿದ್ದ ಕಳ್ಳಿಯ ಹಾಗೆ ಕಣ್ಣು ಅಗಲಿಸಿಕೊಂಡಿದ್ದಳು. ಫೋಟೋ ತೆಗೆದವನು "ನಗಬೇಡಿ" ಎಂದಿದ್ದನಂತೆ, ಇವಳು ಅದನ್ನು ಸ್ವಲ್ಪ ಹೆಚ್ಚಾಗಿಯೇ ಪಾಲಿಸಿದ್ದಳು.

ಕೆಲವು ತಿಂಗಳಿಂದ ಅಂಗಡಿಯಲ್ಲಿ ಸರಕು ಕಡಿಮೆ ಬೀಳುತ್ತಿತ್ತು. ಹೆಡ್ಡಾಫೀಸಿನವರು ಮ್ಯಾನೇಜರನ ತಲೆ ತಿನ್ನುತ್ತಿದ್ದರು, ಅವನು ಬಾಗಿಲಕ್ಕನ ತಲೆ ತಿನ್ನುತ್ತಿದ್ದ. "ನಿಮ್ಮ ಮೂಗಿನ ಕೆಳಗೇ ಮಾಲು ಹೊರಗೆ ಹೋಗ್ತಾ ಇದೆ, ನೀವು ಸಲ್ಯೂಟ್ ಹೊಡೆದು ಕಳಿಸ್ತಾ ಇದ್ದೀರಿ" ಎಂದು ಬಿಲ್ಲಿಂಗ್ ಹುಡುಗಿಯರ ಎದುರಿಗೇ ಅಂದಿದ್ದ. ಅವತ್ತು ಅವಳಿಗೆ ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟೂ ಬಂದಿತ್ತು, ಎರಡನ್ನೂ ನುಂಗಿಕೊಂಡು ನಿಂತಿದ್ದಳು. ಅಂಥವನ ಬಾಯಿಂದ ಇವತ್ತು ಶಭಾಷ್ ಬಂತು. ಬಿಡಬೇಕಾಗಿದ್ದ ಕೈಯನ್ನು ಆ ಒಂದು ಮಾತು ಅಲ್ಲೇ ಅಂಟಿಸಿಬಿಟ್ಟಿತು. ಮೊಣಕೈ ಹಿಡಿದುಕೊಂಡೇ ಅವಳು ಆ ಹೆಂಗಸನ್ನು ಬಿಲ್ಲಿಂಗ್ ಸಾಲಿನ ಪಕ್ಕದಿಂದ, ಪರದೆ ಬಟ್ಟೆಗಳ ನಡುವಿನಿಂದ, ಎಲ್ಲರ ಕಣ್ಣೆದುರಿಗೆ ಹಿಂದಿನ ಕೋಣೆಗೆ ನಡೆಸಿಕೊಂಡು ಹೋದಳು.

ಹೆಂಗಸು ಏನೂ ಸುಮ್ಮನೆ ಬರಲಿಲ್ಲ. "ಕೈ ತೆಗಿ," ಎಂದಳು. "ಏ ವಾಚ್‌ಮನ್, ನಿನಗೇ ಹೇಳ್ತಿರೋದು. ಕೈ ತೆಗಿ." ಬಾಗಿಲಕ್ಕ ತೆಗೆಯಲಿಲ್ಲ.

ಹಿಂದಿನ ಕೋಣೆ ಎಂದರೆ ಖಾಲಿ ರಟ್ಟಿನ ಪೆಟ್ಟಿಗೆಗಳು, ನೆಲ ಒರೆಸುವ ಕೋಲು, ಒಂದು ಕಾಲು ಮೋಟಾದ ಮೇಜು, ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ. ಮ್ಯಾನೇಜರು ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಚೀಲ ಮೇಜಿನ ಮೇಲೆ ಇಡಿಸಿ, "ನೀವೇ ತೆಗೀತೀರೋ ನಾವು ತೆಗೀಬೇಕೋ" ಎಂದ. ಆಕೆ ತಾನೇ ಚೀಲಕ್ಕೆ ಕೈಹಾಕಿ ಒಂದು ದೊಡ್ಡ ಕತ್ತರಿಯನ್ನು ತೆಗೆದು ಠಪ್ಪನೆ ಮೇಜಿಗೆ ಬಡಿದಳು. ಬಟ್ಟೆ ಕತ್ತರಿಸುವ ಕತ್ತರಿ, ಕಪ್ಪು ಹಿಡಿಯದು, ಹೊಚ್ಚ ಹೊಸದು. ಎರಡನೇ ಮಹಡಿಯಲ್ಲಿ ಗುಂಡಿ, ದಾರಗಳ ಪಕ್ಕದಲ್ಲಿ ಅಂಥದ್ದೇ ಕತ್ತರಿಗಳು ಸಾಲಾಗಿ ನೇತಾಡುತ್ತಿದ್ದವು.

"ನನ್ನ ಕತ್ತರಿ," ಎಂದಳು. "ನಾನು ಟೈಲರು. ನಿನ್ನೆ ಇಲ್ಲೇ ತಗೊಂಡೆ. ಇವತ್ತು ದಾರದ ಬಣ್ಣ ಹೊಂದಿಸೋಕೆ ಬಂದೆ."

"ಬಿಲ್ಲು?"

"ಬಿಸಾಕಿದೆ. ಕತ್ತರಿ ಬಿಲ್ಲನ್ನ ಫ್ರೇಮ್ ಹಾಕಿಸ್ತಾರಾ ಯಾರಾದ್ರೂ?"

"ಎಲ್ಲರೂ ಹೀಗೇ ಹೇಳೋದು," ಎಂದ ಮ್ಯಾನೇಜರು. "ನಿನ್ನೆ ಇಂಥ ಕತ್ತರಿ ಎಷ್ಟೋ ಮಾರಿದೀವಿ, ಅದರಲ್ಲಿ ನಿಮ್ಮದು ಯಾವುದು ಅಂತ ಹುಡುಕೋದು?" ಬಿಲ್ಲು ಹಾಕಿಸಲು ಆಕೆ ಚೀಲ ತೆರೆದಾಗ ಕತ್ತರಿಯ ತುದಿ ಅವನ ಕಣ್ಣಿಗೆ ಬಿದ್ದಿತ್ತು. ಅವನು ಕಂಡದ್ದು ಅಷ್ಟೇ. ಕತ್ತರಿಗಳಿದ್ದ ಸಾಲಿನ ಕ್ಯಾಮೆರಾ ಕೆಟ್ಟು ಎಷ್ಟೋ ದಿನವಾಗಿತ್ತು, ರಿಪೇರಿ ಮಾಡಿಸುತ್ತೇನೆಂದು ಅವನು ದಿನಾ ಹೇಳುತ್ತಿದ್ದ. ಈಗ ಅವನ ಮುಖದಲ್ಲಿ, ಕೊನೆಗೂ ಹೆಡ್ಡಾಫೀಸಿಗೆ ತೋರಿಸಲು ಒಂದು ತಲೆ ಸಿಕ್ಕಿತೆಂಬ ಸಮಾಧಾನ ಕಾಣುತ್ತಿತ್ತು. "ತಪ್ಪಾಯ್ತು ಅಂತ ಬರೆದುಕೊಡಿ, ಒಂದು ಫೋಟೋ ತಗೋತೀವಿ, ಹೋಗಿ. ಪೊಲೀಸು ಗಿಲೀಸು ಯಾಕೆ," ಎನ್ನುತ್ತ ಹೋಗಿ ಕೋಣೆಯ ಬಾಗಿಲು ಮುಚ್ಚಿದ.

ಬಾಗಿಲು ಮುಚ್ಚಿದ ಸದ್ದಿಗೆ ಬಾಗಿಲಕ್ಕನಿಗೆ ಎಚ್ಚರವಾದ ಹಾಗಾಯಿತು. ಕೈ ಬಿಟ್ಟಳು.

ಈ ಕಸುಬಿನಲ್ಲಿರುವವರಿಗೆಲ್ಲ ಗೊತ್ತಿರುವ ವಿಷಯವೊಂದಿದೆ, ಅದನ್ನು ಅವಳಿಗೆ ಕಲಿಸಿದ್ದು ಅವಳ ಸ್ವಂತ ಭಾವ. ಅಕ್ಕನ ಗಂಡ, ಸೆಕ್ಯುರಿಟಿ ಏಜೆನ್ಸಿಯಲ್ಲಿ ಸೂಪರ್‌ವೈಸರು, ಹೊಸಬರಿಗೆ ತರಬೇತಿ ಕೊಡುವವನೂ ಅವನೇ. ಹಳೆಯ ಗ್ಯಾರೇಜೊಂದರಲ್ಲಿ ಪಾಠ. ಭಾವನಿಗೆ ನಾಟಕದ ಹುಚ್ಚು. ತಾನೇ ಕಳ್ಳನಾಗಿ, ಮೇಜಿನ ಮೇಲಿನ ಗಡಿಯಾರವನ್ನು ಜೇಬಿಗಿಳಿಸಿ ಬಾಗಿಲ ಕಡೆ ನಡೆದ. ಮೊದಲ ದಿನವೇ ಇವಳು ಹಾರಿಹೋಗಿ ಅವನ ಕೊರಳಪಟ್ಟಿ ಹಿಡಿದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. "ನೀನು ನೋಡಿದ್ಯೇನು, ನಾನು ತಗೊಂಡಿದ್ದು?" ಎಂದು ಭಾವ ಕೇಳಿದ. ಪಕ್ಕದವನು ನೋಡಿ ತನಗೆ ಸನ್ನೆ ಮಾಡಿದ ಎಂದಳು. "ಹಾಗಾದ್ರೆ ನಾನು ಮನೆಗೆ ಹೋಗ್ತೀನಿ, ನೀನು ಸ್ಟೇಷನ್ನಿಗೆ ಹೋಗ್ತೀಯ" ಎಂದು ಅವನು ಜೇಬಿನಿಂದ ಗಡಿಯಾರ ತೆಗೆದು ಅವಳ ಕೈಗೆ ಕೊಟ್ಟ. ಸ್ವಂತ ಕಣ್ಣಿಂದ ಕಂಡಿದ್ದರೆ ಮಾತ್ರ ತಡೆಯಬಹುದು, ಇನ್ನೊಬ್ಬರು ಹೇಳಿದರೆಂದು ತಡೆಯುವಂತಿಲ್ಲ. ತಡೆದ ಮೇಲೆ ಕೂಡಲೇ ಪೊಲೀಸರಿಗೆ ಹೇಳಬೇಕು, ಕೋಣೆಗೆ ಹಾಕಿ ಬಾಗಿಲು ಮುಚ್ಚುವಂತಿಲ್ಲ. ಇದೆಲ್ಲದಕ್ಕೂ ಉತ್ತರ ಕೊಡಬೇಕಾದವರು ಹೇಳಿದ ಯಜಮಾನರಲ್ಲ, ಕೈ ಇಟ್ಟವರು. ಲೈಸೆನ್ಸು ಇರುವುದು ಅವರ ಹೆಸರಿಗೆ, ಹೋಗುವುದೂ ಅವರದೇ. ಅಂಗಡಿಯ ಮ್ಯಾನೇಜರಿಗೂ ಇದು ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವನು ಆ ಮೊಣಕೈಯನ್ನು ತಾನು ಮುಟ್ಟಿರಲಿಲ್ಲ.

ಅವಳು ಹೋಗಿ ಬಾಗಿಲು ತೆರೆದಳು.

"ಮುಚ್ಚಿರಲಿ," ಎಂದ ಮ್ಯಾನೇಜರು. "ಗಿರಾಕಿಗಳು ನೋಡ್ತಾರೆ."

"ಮುಚ್ಚೋ ಹಾಗಿಲ್ಲ ಸರ್."

ಅವನು ಬಂದು ಮುಚ್ಚಿದ. ಅವಳು ತೆರೆದಳು. ಅವನು ಮತ್ತೆ ಮುಚ್ಚಲು ಬಂದಾಗ ಅವಳು ಹೊಸ್ತಿಲ ಮೇಲೆ ಬೆನ್ನು ಚೌಕಟ್ಟಿಗೆ ಆನಿಸಿ ನಿಂತುಬಿಟ್ಟಳು, ಇನ್ನು ಮುಚ್ಚಬೇಕಾದರೆ ಅವಳನ್ನು ಸೇರಿಸಿಯೇ ಮುಚ್ಚಬೇಕು. ಕುರ್ಚಿಯಲ್ಲಿದ್ದ ಟೈಲರಮ್ಮ ಇದನ್ನೆಲ್ಲ ನೋಡುತ್ತಿದ್ದಳು. "ಇದೇನು ಇಬ್ಬರೂ ಆಟ ಆಡ್ತಾ ಇದ್ದೀರಾ," ಎಂದಳು. "ನಾನು ಒಂದಕ್ಷರ ಬರೆದುಕೊಡಲ್ಲ. ಪೊಲೀಸರನ್ನ ಕರೀರಿ. ಕರೀರಿ ನೋಡೋಣ."

"ಕರೀತೀನಿ," ಎಂದಳು ಬಾಗಿಲಕ್ಕ.

ಮ್ಯಾನೇಜರು ನಕ್ಕ, ತಮಾಷೆಗೆ ಹೇಳಿದಳೆಂದುಕೊಂಡ. ಅವಳು ಅಲ್ಲಿಯೇ ನಿಂತು ಫೋನು ತೆಗೆದು ಠಾಣೆಗೆ ಮಾಡಿದಳು. ಅಂಗಡಿಯ ಹೆಸರು ಹೇಳಿದಳು, ಒಬ್ಬ ಹೆಂಗಸನ್ನು ಹಿಡಿದು ಕೂರಿಸಿದ್ದೇವೆ ಎಂದು ಬಾಯಿಗೆ ಬಂದದ್ದನ್ನು ಅಲ್ಲಿಯೇ ತಿದ್ದಿಕೊಂಡು, "ಹಿಡಿದು ಕೂರಿಸಿದ್ದೀನಿ" ಎಂದಳು. ಮ್ಯಾನೇಜರನ ನಗು ಅಲ್ಲಿಗೇ ನಿಂತಿತು. ಅವನೂ ಫೋನು ತೆಗೆದ. ಅವನು ಮಾಡಿದ್ದು ಭಾವನಿಗೆ.

ಪೊಲೀಸರಿಗಿಂತ ಮೊದಲು ಭಾವನೇ ಬಂದ. ಪಕ್ಕದ ಬೀದಿಯ ಬ್ಯಾಂಕಿನಲ್ಲಿ ತನ್ನ ಹುಡುಗರನ್ನು ನೋಡಲು ಬಂದಿದ್ದನಂತೆ, ಸ್ಕೂಟರನ್ನು ಅಡ್ಡಾದಿಡ್ಡಿ ನಿಲ್ಲಿಸಿ ಓಡಿಬಂದಿದ್ದ. ಮ್ಯಾನೇಜರು ಅವನ ಕಿವಿಯಲ್ಲಿ ಏನೇನೋ ಊದಿದ. ಭಾವ ತಲೆಯಾಡಿಸುತ್ತ ಕೇಳಿಸಿಕೊಂಡು, ಇವಳನ್ನು ಪಕ್ಕಕ್ಕೆ, ಮಡಚಿಟ್ಟ ಪರದೆಗಳ ಸಾಲಿಗೆ ಕರೆದ. ಹೊಸ್ತಿಲು ಬಿಟ್ಟರೆ ಬಾಗಿಲು ಮುಚ್ಚುತ್ತಾರೆಂದು ಅವಳು ಅಲ್ಲಿಂದಲೇ, "ಇಲ್ಲೇ ಹೇಳಿ ಭಾವ" ಎಂದಳು.

ಭಾವ ದನಿ ಇಳಿಸಿದ. "ನೀನು ನೋಡಿದ್ಯಾ?"

"ಇಲ್ಲ."

"ಕತ್ತರಿ ಚೀಲಕ್ಕೆ ಹಾಕ್ಕೊಳ್ಳೋದು?"

"ನಾನು ಬಾಗಿಲಲ್ಲಿ ನಿಂತಿದ್ದೆ. ಅದು ಎರಡನೇ ಮಹಡೀಲಿ. ನನ್ನ ಕಣ್ಣೇನು ಮೆಟ್ಟಿಲು ಹತ್ತಿ ಹೋಗುತ್ತಾ."

"ಮತ್ತೆ ಯಾಕೆ ಕೈ ಹಾಕಿದೆ? ನಾನು ಬಾಯಿ ಬಡಕೊಂಡು ಹೇಳಿರಲಿಲ್ವಾ?"

"ಬೀಳ್ತಾ ಇದ್ರು, ಹಿಡಿದೆ."

ಭಾವ ಹಣೆ ಉಜ್ಜಿಕೊಂಡ. ಅವನು ಕೆಟ್ಟವನಲ್ಲ. ಇವಳ ಗಂಡ ಇನ್ನೊಬ್ಬಳ ಜೊತೆ ಹೊರಟುಹೋದಾಗ, ಹೋದ ಮಗನ ಹಿಂದೆ ಹೋಗಲಾರೆನೆಂದು ಅತ್ತೆ ಸೊಸೆಯ ಹತ್ತಿರವೇ ಉಳಿದಾಗ, ಇಬ್ಬರು ಹೆಂಗಸರು ಏನು ಮಾಡುವುದೆಂದು ಕೈಚೆಲ್ಲಿ ಕೂತಿದ್ದಾಗ ಬಂದವನು ಅವನು. ಲಾಂಡ್ರಿಯ ಹಬೆಯಲ್ಲಿ ಬೇಯುತ್ತಿದ್ದವಳನ್ನು ಎಬ್ಬಿಸಿಕೊಂಡು ಹೋಗಿ ತರಬೇತಿಗೆ ಸೇರಿಸಿದ್ದ, ಪರೀಕ್ಷೆಗೆ ಓದಿಸಿದ್ದ, ಲೈಸೆನ್ಸ್ ಆಫೀಸಿನ ಸಾಲಿನಲ್ಲಿ ಅವಳ ಜೊತೆ ನಿಂತಿದ್ದ. ಮೊದಲ ದಿನ ಯೂನಿಫಾರಂ ತೊಟ್ಟು ಮನೆಗೆ ಬಂದಾಗ ಅತ್ತೆ, "ಅಯ್ಯೋ, ನಮ್ಮನೇಗೇ ಪೊಲೀಸು ಬಂತಲ್ಲಪ್ಪ" ಎಂದು ನಕ್ಕು, ಆಮೇಲೆ ಆ ಶರ್ಟನ್ನು ತಾನೇ ಇಸ್ತ್ರಿ ಮಾಡಿ ನೇತುಹಾಕಿದ್ದಳು. ಆ ಮನೆಯ ಒಲೆ ಉರಿಯುತ್ತಿದ್ದದ್ದು ಈ ಕಾರ್ಡಿನಿಂದ. ಕಾರ್ಡು ಹೋದರೆ ಈ ಏಜೆನ್ಸಿ ಮಾತ್ರವಲ್ಲ, ಯಾವ ಏಜೆನ್ಸಿಯೂ ಅವಳನ್ನು ಹತ್ತಿರ ಸೇರಿಸುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

"ಆಗಿದ್ದು ಆಗೋಯ್ತು," ಎಂದ ಭಾವ. "ಈಗ ಪೊಲೀಸಿನವರು ಬಂದು ಕೇಳೋದು ಒಂದೇ ಪ್ರಶ್ನೆ. ನೋಡಿದ್ಯಾ? ನೋಡಿದೆ ಅನ್ನು. ಮೂರೇ ಅಕ್ಷರ. ಹಿಡಿದಿದ್ದು ಕಾನೂನು ಪ್ರಕಾರ ಆಗುತ್ತೆ, ನಿನ್ನ ಲೈಸೆನ್ಸು ಉಳಿಯುತ್ತೆ, ನಮ್ಮ ಏಜೆನ್ಸೀದೂ ಉಳಿಯುತ್ತೆ. ಮುಂದಿನ ತಿಂಗಳು ನಮ್ಮದು ರಿನೀವಲ್ಲು ಇದೆ ಅಂತ ನಿನಗೆ ಗೊತ್ತಿಲ್ವಾ? ಈಗ ಒಂದು ಕಂಪ್ಲೇಂಟ್ ಬಿತ್ತು ಅಂದ್ರೆ ನಾನು, ನನ್ನ ಹುಡುಗರು, ಎಲ್ಲಾ ಬೀದೀಲಿ."

"ಅವರ ಗತಿ?"

"ಯಾರದು?"

ಅವಳು ಕುರ್ಚಿಯ ಕಡೆ ಕಣ್ಣಲ್ಲೇ ತೋರಿಸಿದಳು.

"ಅವಳೇನು ನಿನ್ನ ಅತ್ತಿಗೇನಾ ನಾದಿನೀನಾ? ನಿನ್ನನ್ನ ವಾಚ್‌ಮನ್ ಅಂದಳಂತೆ. ಕದ್ದೇ ಇರ್ತಾಳೆ ಬಿಡು. ಹೊಸ ಕತ್ತರಿ, ಬಿಲ್ಲಿಲ್ಲ, ಇನ್ನೇನು ಬೇಕು."

"ಕದ್ದಿರಬಹುದು ಭಾವ," ಎಂದಳು ಬಾಗಿಲಕ್ಕ. "ಕದೀದೇನೂ ಇರಬಹುದು. ನನಗೇನು ಗೊತ್ತು. ನಾನು ನೋಡಿಲ್ಲ."

ಕೋಣೆಯೊಳಗಿನಿಂದ ಟೈಲರಮ್ಮ, "ಕೇಳಿಸ್ತಾ ಇದೆ," ಎಂದಳು. "ಸ್ವಲ್ಪ ಗಟ್ಟಿಯಾಗಿ ಮಾತಾಡಿಕೊಳ್ಳಿ, ಪೂರ್ತಿ ಕೇಳಿಸಲಿ. ಆಮೇಲೆ ಯಾರಾದ್ರೂ ಒಂದು ಲೋಟ ನೀರು ಕೊಡಿ."

ಬಾಗಿಲಕ್ಕ ಬಿಲ್ಲಿಂಗ್ ಹುಡುಗಿಯೊಬ್ಬಳನ್ನು ಕೂಗಿ ನೀರು ತರಿಸಿಕೊಟ್ಟಳು. ಟೈಲರಮ್ಮ ಥ್ಯಾಂಕ್ಸ್ ಎನ್ನಲಿಲ್ಲ. ಕುಡಿದು, ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು, "ತೊಳೆದೇ ಇಲ್ಲ ಇದನ್ನ" ಎಂದಳು. ಇಷ್ಟವಾಗುವಂಥ ಹೆಂಗಸಲ್ಲ. ಬಾಗಿಲಕ್ಕನಿಗೂ ಅವಳು ಇಷ್ಟವಾಗಲಿಲ್ಲ. ಒಂದು ವೇಳೆ ಆಕೆ ಅತ್ತಿದ್ದರೆ, ಕೈಮುಗಿದಿದ್ದರೆ, ಮನೆಯಲ್ಲಿ ಮಕ್ಕಳಿದ್ದಾರೆ ಎಂದಿದ್ದರೆ, ಕನಿಕರದಿಂದಲಾದರೂ ಏನಾದರೂ ಮಾಡಬಹುದಿತ್ತು. ಆಕೆ ಅದಕ್ಕೂ ಆಸ್ಪದ ಕೊಡಲಿಲ್ಲ, ಕಾಲಮೇಲೆ ಕಾಲು ಹಾಕಿ ಕೂತಿದ್ದಳು.

ಮ್ಯಾನೇಜರಿಗೆ ತಾಳ್ಮೆ ಕೆಟ್ಟಿತು. "ರೀ ಅಮ್ಮ, ನಾನು ನೋಡಿದೀನಿ ಅಂತ ಹೇಳ್ತಾ ಇದೀನಲ್ಲ," ಎಂದ. "ನಾನು ನೋಡಿದ್ದನ್ನೇ ನೀವು ನೋಡಿದೆ ಅಂದ್ರೆ ಏನು ಗಂಟು ಹೋಗುತ್ತೆ? ಸಂಬಳ ಕೊಡೋರು ನಾವು. ನಿಲ್ಲೋ ಜಾಗ ನಮ್ಮದು."

ಇಷ್ಟು ಹೊತ್ತು ಬಾಗಿಲಕ್ಕನಿಗೆ ಇದ್ದದ್ದು ಹೆದರಿಕೆ. ಈಗ ಹೆದರಿಕೆ ಎಲ್ಲಿ ಹೋಯಿತೋ, ಬರೀ ಸಿಟ್ಟು ಉಳಿಯಿತು. ಎಲ್ಲಿ ನಿಲ್ಲಬೇಕು, ಯಾವಾಗ ನೀರು ಕುಡಿಯಬೇಕು, ಯಾವಾಗ ಹೊರಗೆ ಹೋಗಿಬರಬೇಕು ಎಲ್ಲವನ್ನೂ ಇವನು ಹೇಳುತ್ತಿದ್ದ, ಅವಳು ಹೂಂಗುಟ್ಟುತ್ತಿದ್ದಳು. ಈಗ ತಾನು ಏನು ಕಂಡೆ ಎಂಬುದನ್ನೂ ಇವನೇ ಹೇಳಿಕೊಡಲು ಬಂದಿದ್ದ.

"ಶರ್ಟು ಏಜೆನ್ಸೀದು ಸರ್," ಎಂದಳು. "ಶೂ ಏಜೆನ್ಸೀದು. ನಿಲ್ಲೋ ಜಾಗ ನಿಮ್ಮದು. ಕಣ್ಣು ನಂದು. ಅದನ್ನ ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ."

ಟೈಲರಮ್ಮ ಹಾಕಿದ್ದ ಕಾಲನ್ನು ಕೆಳಗಿಳಿಸಿದಳು.

ಪೊಲೀಸರು ಬಂದಾಗ ಹೊರಗೆ ಇನ್ನೂ ಬಿಸಿಲಿತ್ತು. ಬಂದದ್ದು ಒಬ್ಬಳೇ, ಹೆಡ್ ಕಾನ್‌ಸ್ಟೇಬಲ್ ಹೆಂಗಸು, ಇವಳ ವಯಸ್ಸಿನವಳೇ. ದಿನವಿಡೀ ಜನರ ಜಗಳ ಕೇಳಿ ಕೇಳಿ ಮುಖದಲ್ಲಿ ಒಂದು ಥರದ ನಿದ್ದೆ ಕೂತಿತ್ತು. ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಕೂತು, ಅದು ಕುಸಿದದ್ದರಿಂದ ಎದ್ದು, ಮೇಜಿಗೆ ಒರಗಿ ನಿಂತಳು. ಕತ್ತರಿಯನ್ನು ತಿರುಗಿಸಿ ನೋಡಿದಳು. ಮ್ಯಾನೇಜರು ಮಾತು ಶುರುಮಾಡಿದ, ತಿಂಗಳುಗಳಿಂದ ಹೋದ ಸರಕು, ಹೆಡ್ಡಾಫೀಸು, ತನ್ನ ನಿಷ್ಠೆ ಎಲ್ಲವೂ ಅದರಲ್ಲಿ ಬಂದವು. ಆಕೆ ಪೂರ್ತಿ ಕೇಳಿ, "ಅದಿರಲಿ. ಹಿಡಿದದ್ದು ಯಾರು?" ಎಂದಳು.

ಮ್ಯಾನೇಜರು ಭಾವನನ್ನು ನೋಡಿದ. ಭಾವ ಇವಳನ್ನು ನೋಡಿದ.

"ನಾನು," ಎಂದಳು ಬಾಗಿಲಕ್ಕ.

"ಅವರು ಕತ್ತರಿ ತಗೊಂಡಿದ್ದು ನೋಡಿದ್ರಾ?"

ಭಾವ ಮೆಲ್ಲಗೆ ಕೆಮ್ಮಿದ. ಅವನ ಕೆಮ್ಮು ಅವಳಿಗೆ ಚಿಕ್ಕಂದಿನಿಂದ ಗೊತ್ತು, ಅಕ್ಕನನ್ನು ನೋಡಲು ಬಂದ ದಿನವೂ ಹೀಗೇ ಕೆಮ್ಮಿದ್ದ. ಪಾಪ ಎನಿಸಿತು. ಆದರೂ ಹೇಳಿದಳು.

"ಇಲ್ಲ. ನೋಡಿಲ್ಲ."

"ನೋಡದೆ ಯಾಕೆ ಹಿಡಿದ್ರಿ?"

"ಮೆಟ್ಟಿಲ ಹತ್ರ ಬೀಳ್ತಾ ಇದ್ರು, ಅದಕ್ಕೆ ಹಿಡಿದೆ. ಅದು ತಪ್ಪಲ್ಲ. ಆಮೇಲೆ ಬಿಡಬೇಕಾಗಿತ್ತು, ಬಿಡಲಿಲ್ಲ. ಎಲ್ಲರ ಎದುರಿಗೆ ಎಳಕೊಂಡು ಬಂದು ಇಲ್ಲಿ ಕೂರಿಸಿದೆ. ಅದು ತಪ್ಪು. ಅದನ್ನ ಬರಕೊಳ್ಳಿ."

ಹೆಡ್ ಕಾನ್‌ಸ್ಟೇಬಲಿನ ಮುಖದಿಂದ ನಿದ್ದೆ ಹೋಯಿತು. "ನೋಡಮ್ಮ, ನಾನು ಹಾಗೇ ಬರಕೊಂಡ್ರೆ ಇದು ಕಳ್ಳತನದ ಕೇಸಾಗಲ್ಲ," ಎಂದಳು. "ನಿಮ್ಮ ಮೇಲೆ ಆಗುತ್ತೆ. ಲೈಸೆನ್ಸ್ ಆಫೀಸಿಗೆ ಹೋಗುತ್ತೆ. ಗೊತ್ತಿದೆ ತಾನೆ?"

"ಗೊತ್ತಿದೆ. ಬರಕೊಳ್ಳಿ."

"ಮೇಡಂ, ಅವಳಿಗೆ ಗಾಬರಿ," ಎಂದ ಭಾವ. "ಏನೋ ಹೇಳ್ತಾ ಇದಾಳೆ. ನಮ್ಮ ಮನೆ ಹುಡುಗಿ, ಸ್ವಲ್ಪ ಮುಂಗೋಪ."

"ಗಾಬರಿ ಆದೋರು ಹೀಗೆ ಮಾತಾಡಲ್ಲ," ಎಂದಳು ಹೆಡ್ ಕಾನ್‌ಸ್ಟೇಬಲ್. ಆಮೇಲೆ ಟೈಲರಮ್ಮನ ಕಡೆ ತಿರುಗಿದಳು. "ಕತ್ತರಿ ನೀವು ಕದ್ದಿದ್ದು ನೋಡಿದವರು ಯಾರೂ ಇಲ್ಲ. ನೀವು ತಗೊಂಡು ಹೋಗಬಹುದು. ಇನ್ನು ಇವರ ಮೇಲೆ ನೀವು ದೂರು ಕೊಡ್ತೀರಾ? ಕೊಡಲೇಬೇಕು ಅಂತೇನಿಲ್ಲ. ಇಲ್ಲ ಅಂದ್ರೆ ಎಲ್ಲರೂ ಮನೆಗೆ ಹೋಗಬಹುದು."

ಕೋಣೆಯಲ್ಲಿ ಎಲ್ಲರೂ ಟೈಲರಮ್ಮನನ್ನು ನೋಡಿದರು. ಭಾವ ಎರಡೂ ಕೈ ಜೋಡಿಸಿದ. ಬಾಗಿಲಕ್ಕನಿಗೆ ಆ ಕ್ಷಣ ಆಸೆ ಹುಟ್ಟಿತು, ಸುಳ್ಳೇಕೆ ಹೇಳಬೇಕು. ನಿಜ ಹೇಳಿಯಾಯಿತು, ಈಗ ಈ ಹೆಂಗಸು ಒಂದು ಮಾತು 'ಬೇಡ' ಎಂದರೆ ನಾಳೆ ಬೆಳಗ್ಗೆ ಮತ್ತೆ ಆ ಬಾಗಿಲಲ್ಲಿ ನಿಲ್ಲಬಹುದು. ಅತ್ತೆಗೆ ಏನೂ ಹೇಳಬೇಕಾಗಿಯೇ ಇಲ್ಲ.

ಟೈಲರಮ್ಮ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡಳು. "ಕೊಡ್ತೀನಿ," ಎಂದಳು.

"ಅಮ್ಮ," ಎಂದ ಭಾವ.

"ಏನು ಅಮ್ಮ ಅಂತೀರಿ? ಹಿಡಿದಿದ್ದು ನಿಜ ತಾನೆ? ಅಷ್ಟು ಜನರ ಮಧ್ಯೆ ಕಳ್ಳಿ ಥರ ನಡೆಸಿಕೊಂಡು ಬಂದ್ರು. ನನ್ನ ಹತ್ರ ಬಟ್ಟೆ ಹೊಲಿಸೋರೂ ಇದ್ರೋ ಏನೋ ಅದರಲ್ಲಿ. ಸತ್ಯ ಹೇಳಿಬಿಟ್ರು ಅಂತ ಮಾಡಿದ್ದು ಮಾಡದೇ ಇದ್ದ ಹಾಗೆ ಆಗುತ್ತಾ?" ಆಕೆ ಬಾಗಿಲಕ್ಕನನ್ನೇ ನೇರವಾಗಿ ನೋಡುತ್ತ ಕೇಳಿದಳು, "ನೀವೇ ಹೇಳಿ, ಆಗುತ್ತಾ?"

ಅಷ್ಟು ಹೊತ್ತಿನಲ್ಲಿ ಆಕೆ ಇವಳಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

"ಆಗಲ್ಲ," ಎಂದಳು ಬಾಗಿಲಕ್ಕ. "ಕೊಡಿ. ಆದರೆ ಒಳಗೆ ಕರಕೊಂಡು ಬಾ ಅಂದಿದ್ದು ಮ್ಯಾನೇಜರ್ ಸಾಹೇಬರು, ಬಾಗಿಲು ಮುಚ್ಚಿದ್ದೂ ಅವರೇ. ಅದನ್ನೂ ಬರಕೊಳ್ಳಿ."

"ನಾನು ಬರೀ ಬಾಯಲ್ಲಿ ಹೇಳಿದ್ದು," ಎಂದ ಮ್ಯಾನೇಜರು. "ಕೈ ಇಟ್ಟಿಲ್ಲ."

"ಬಾಗಿಲು ಬಾಯಲ್ಲೇ ಮುಚ್ಚಿದ್ರಾ?" ಎಂದಳು ಟೈಲರಮ್ಮ. ಹೆಡ್ ಕಾನ್‌ಸ್ಟೇಬಲ್ ತಲೆ ಎತ್ತದೆ ಬರೆದುಕೊಂಡಳು. ಅದರಿಂದ ಮ್ಯಾನೇಜರಿಗೆ ದೊಡ್ಡದೇನೂ ಆಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅವನು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ, ಅದನ್ನು ನೋಡಿ ಬಾಗಿಲಕ್ಕನಿಗೆ ಒಂದಿಷ್ಟು ಹಿತವಾಯಿತು.

ಬರೆದದ್ದನ್ನು ಓದಿ ಹೇಳಿ, ಸಹಿ ಹಾಕಿಸಿಕೊಂಡು, ಹೆಡ್ ಕಾನ್‌ಸ್ಟೇಬಲ್ ಕೈ ಚಾಚಿದಳು. ವಿಚಾರಣೆ ಮುಗಿಯುವವರೆಗೆ ಕಾರ್ಡು ಠಾಣೆಯಲ್ಲಿರಬೇಕು. ಬಾಗಿಲಕ್ಕ ಅದನ್ನು ಎದೆಯಿಂದ ಬಿಚ್ಚಿಕೊಟ್ಟಳು. ಪಿನ್ನು ಒಂದೇ ಸಲಕ್ಕೆ ಬರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಅದರ ಫೋಟೋ ನೋಡಿ, ಇವಳ ಮುಖ ನೋಡಿ, "ಚೆನ್ನಾಗಿ ಬಂದಿಲ್ಲ ನೀವು ಇದರಲ್ಲಿ" ಎಂದು ಜೇಬಿಗೆ ಹಾಕಿಕೊಂಡಳು. ಟೈಲರಮ್ಮ ಚೀಲ ಹೆಗಲಿಗೇರಿಸಿ, ಯಾರ ಮುಖವನ್ನೂ ನೋಡದೆ, ಬಂದ ದಾರಿಯಲ್ಲೇ ಪರದೆಗಳ ನಡುವಿನಿಂದ ನಡೆದುಹೋದಳು. ಈ ಸಲ ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ.

ಆಗ ಬಾಗಿಲಿನ ಪ್ರಶ್ನೆ ಬಂತು. ಸಂಜೆಯ ಗಿರಾಕಿಗಳು ಬರುವ ಹೊತ್ತು. ಲೈಸೆನ್ಸು ಇಲ್ಲದವರು ಬಾಗಿಲಲ್ಲಿ ನಿಲ್ಲುವಂತಿಲ್ಲ, ಠಾಣೆಯವರು ಬಂದು ಹೋದ ದಿನವೇ ಅದನ್ನು ಮುರಿಯುವ ಧೈರ್ಯ ಮ್ಯಾನೇಜರಿಗೂ ಇರಲಿಲ್ಲ. ಮೇಲಿನ ಮಹಡಿಯ ಗಾರ್ಡು ರಜೆಯಲ್ಲಿದ್ದ. ಏಜೆನ್ಸಿಗೆ ಎಷ್ಟು ಫೋನು ಮಾಡಿದರೂ ಖಾಲಿ ಇರುವವರು ಯಾರೂ ಸಿಗಲಿಲ್ಲ. ಕೊನೆಗೆ ಕಾರ್ಡು ಇದ್ದವನು ಭಾವ ಒಬ್ಬನೇ. ಸೂಪರ್‌ವೈಸರಾದ ಮೇಲೆ ಅವನು ಬಾಗಿಲಲ್ಲಿ ನಿಂತದ್ದೇ ಇರಲಿಲ್ಲ. ಬಾಗಿಲಕ್ಕ ತನ್ನ ಟೋಪಿಯನ್ನು ಮೇಜಿನ ಮೇಲಿಟ್ಟು ಬಟ್ಟೆ ಬದಲಿಸಲು ಹೋದಳು. ಕಾರ್ಡಿಲ್ಲದೆ ಯೂನಿಫಾರಂ ತೊಟ್ಟು ಬೀದಿಗೆ ಹೋಗುವ ಹಾಗೂ ಇರಲಿಲ್ಲ.

ಮನೆಯಿಂದ ಬರುವಾಗಿನ ಬಟ್ಟೆಯನ್ನೇ ಮತ್ತೆ ತೊಟ್ಟು, ಏಜೆನ್ಸಿಯ ಶರ್ಟನ್ನು ಮಡಚಿ ಇಟ್ಟು, ಶೂಗಳನ್ನು ಜೋಡಿಸಿಟ್ಟು, ಅವಳು ಸಾಮಾನು ಕೋಣೆಯಲ್ಲಿ ಒಂದು ಗಳಿಗೆ ಸುಮ್ಮನೆ ನಿಂತಳು. ಮನೆಗೆ ಹೋಗಿ ಏನು ಹೇಳುವುದು? ಅತ್ತೆ ಬೈಯುತ್ತಾಳೆ. ಮೊದಲು ಇವಳನ್ನು, ಆಮೇಲೆ ಭಾವನನ್ನು, ಆಮೇಲೆ ಓಡಿಹೋದ ಮಗನನ್ನು. ಬೈದು ಮುಗಿಸಿ ಊಟಕ್ಕೆ ಎಬ್ಬಿಸುತ್ತಾಳೆ. ನಾಳೆ ಲಾಂಡ್ರಿಯವನ ಬಾಗಿಲು ತಟ್ಟಬೇಕು, ಅವನು ಹಲ್ಲು ಕಿರಿಯುತ್ತಾನೆ. ಕಿರಿಯಲಿ. ಅವಳಿಗೆ ಅಳು ಬರಬೇಕಾಗಿತ್ತು, ಬರಲಿಲ್ಲ. ಬದಲಿಗೆ ಬೆಳಗಿನಿಂದ ನಿಂತ ಕಾಲು ನೋಯುವುದು ಈಗ ಗೊತ್ತಾಯಿತು, ಹಸಿವೆಯೂ ಗೊತ್ತಾಯಿತು.

ಕೆಲಸದವರು ಹೋಗುವುದು ಹಿಂದಿನ ಬಾಗಿಲಿನಿಂದ. ಹೊರಗಿನ ಕಸದ ತೊಟ್ಟಿಗಳ ಪಕ್ಕ ಹಾದು, ಓಣಿ ಸುತ್ತಿ, ಬಸ್ ಸ್ಟಾಪಿಗೆ ಹೋಗಬೇಕು. ಅವಳು ಮುಂದಿನ ಬಾಗಿಲ ಕಡೆ ನಡೆದಳು. ಅಂಗಡಿಯ ನಡುವೆ, ಟೈಲರಮ್ಮನನ್ನು ನಡೆಸಿಕೊಂಡು ಬಂದ ದಾರಿಯಲ್ಲೇ, ತಲೆ ಎತ್ತಿಕೊಂಡು ಹೋದಳು. "ಹಿಂದ್ಗಡೆಯಿಂದ," ಎಂದ ಮ್ಯಾನೇಜರು ಎಲ್ಲಿಂದಲೋ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಲ್ಲು ಹಾಕುತ್ತಿದ್ದ ಹುಡುಗಿಯರು ಕೈ ನಿಲ್ಲಿಸಿ ನೋಡಿದರು.

ಬಾಗಿಲಲ್ಲಿ ಭಾವ ನಿಂತಿದ್ದ. ಅವಳ ಟೋಪಿ ಅವನಿಗೆ ಚಿಕ್ಕದು, ತಲೆಯ ಮೇಲೆ ಕೂತೂ ಕೂರದ ಹಾಗೆ ಕೂತಿತ್ತು. ಅವಳು ಬರುವುದನ್ನು ಕಂಡು ಅವನು ಬೀದಿಯ ಕಡೆ ಮುಖ ತಿರುಗಿಸಿದ, ದಾರಿ ಬಿಟ್ಟು ಸರಿದು ನಿಂತ. ಬೇಗ ಹೋದರೆ ಸಾಕೆನ್ನುವ ಹಾಗೆ ಬಾಗಿಲನ್ನು ತಾನೇ ಎಳೆದು ಹಿಡಿದ.

ಅವಳು ಹೋಗಲಿಲ್ಲ. ಅವನೆದುರು ನಿಂತು ತನ್ನ ಕೈಚೀಲದ ಜಿಪ್ಪು ಎಳೆದು, ಅಗಲವಾಗಿ ತೆರೆದು, ಅವನ ಮುಂದೆ ಹಿಡಿದಳು. ಕೆಲಸದವರ ಚೀಲ ನೋಡದೆ ಹೊರಗೆ ಬಿಡುವಂತಿಲ್ಲ, ಅದು ಅಂಗಡಿಯ ನಿಯಮ, ದಿನಾ ಸಂಜೆ ಹಿಂದಿನ ಬಾಗಿಲಲ್ಲಿ ಅವಳೇ ಮಾಡುತ್ತಿದ್ದ ಕೆಲಸ.

"ಹೋಗು," ಎಂದ ಭಾವ, ಬೀದಿ ನೋಡುತ್ತಲೇ. "ನೋಡಿದೆ."

"ಇಲ್ಲ ಭಾವ, ನೋಡಿಲ್ಲ ನೀವು," ಎಂದಳು. "ನೋಡಿ."

ಅವಳ ಹಿಂದೆ ಇಬ್ಬರು ಮೂವರು ಗಿರಾಕಿಗಳು ಸಾಮಾನು ಹಿಡಿದು ಬಂದು ನಿಂತರು. ಯಾರೋ "ಏನಾಯ್ತು" ಎಂದರು. ಅವಳು ಕದಲಲಿಲ್ಲ. ಭಾವನ ಕಿವಿ ಕೆಂಪಾಯಿತು. ಅವನು ಬಾಗಿಲು ಬಿಟ್ಟು, ಟೋಪಿ ಬೀಳದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡು, ಬಗ್ಗಿದ. ಊಟದ ಡಬ್ಬಿ, ಬಾಚಣಿಗೆ, ಅತ್ತೆಯ ಕಣ್ಣಿನ ಔಷಧಿ, ಮಡಚಿದ ಒಂದು ಕೊಡೆ. ಅವನು ಒಂದೊಂದನ್ನೂ ನೋಡಿದ. ಕೊಡೆಯ ಕೆಳಗೆ ಏನಿದೆಯೆಂದು ಅವಳೇ ಎತ್ತಿ ತೋರಿಸಿದಳು, ಅದನ್ನೂ ನೋಡಿದ. ಅವನು ತಲೆ ಎತ್ತುವವರೆಗೆ ಅವಳು ಚೀಲವನ್ನು ತೆರೆದು ಹಿಡಿದುಕೊಂಡೇ ನಿಂತಿದ್ದಳು.